ಸೋತು ಸೋತು ಸುಸ್ತಾಗಿದ್ದ ಟೀಮಿಗೆ ಹೊಸ ಕೋಚ್ ಬಂದರು: ಇಂಡಿಯಾನಾದ ಆ ಒಂದು ಸೀಸನ್

2026ರ ಜನವರಿ 19ರ ರಾತ್ರಿ ಇಂಡಿಯಾನಾ ಯೂನಿವರ್ಸಿಟಿಯ ಫುಟ್ಬಾಲ್ ಟೀಮು ಮಯಾಮಿ ಟೀಮನ್ನು 27-21ರಲ್ಲಿ ಸೋಲಿಸಿ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು. ಆ ಸೀಸನ್‌ನಲ್ಲಿ ಆಡಿದ್ದು 16 ಪಂದ್ಯ, ಗೆದ್ದಿದ್ದೂ 16. ಅಲ್ಲಿ ಓದುವ, ಕೆಲಸ ಮಾಡುವ ಮಕ್ಕಳಿರುವ ನಮ್ಮ ಎಷ್ಟೋ ಮನೆಗಳಿಗೆ ಈ ಸುದ್ದಿ ಫೋನಿನಲ್ಲೇ ಬಂದಿರುತ್ತದೆ. ಮಗ ಖುಷಿಯಲ್ಲಿ ಕೂಗುತ್ತಾನೆ. ಅಪ್ಪ ಅಮ್ಮನಿಗೆ ಆಟವೂ ಗೊತ್ತಿಲ್ಲ, ಟೀಮೂ ಗೊತ್ತಿಲ್ಲ. "ಒಳ್ಳೇದಾಯ್ತಪ್ಪ, ಊಟ ಆಯ್ತಾ?" ಅಂತ ಮಾತು ಮುಗಿಯುತ್ತದೆ.

ಆದರೆ ಇದು ನಿಜವಾಗಿಯೂ ದೊಡ್ಡ ವಿಷಯ. 2023ರಲ್ಲಿ ಇದೇ ಟೀಮು 12 ಪಂದ್ಯಗಳಲ್ಲಿ 9 ಸೋತಿತ್ತು. ನಡುವೆ ಆಗಿದ್ದೇನು? ಚಾಂಪಿಯನ್ ಆದ ರಾತ್ರಿಯನ್ನು ನೋಡಿದರೆ ಇದು ಅರ್ಥವಾಗುವುದಿಲ್ಲ. ಅದಕ್ಕೂ ಹಿಂದಿನ ಸೀಸನ್, ಅಂದರೆ ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷ, 2024ನ್ನು ನೋಡಬೇಕು. ಎಲ್ಲದರ ಬೇರು ಅಲ್ಲಿದೆ.

## ಮೊದಲು ಆಟ: ನಾಲ್ಕು ಎಸೆತ, ಹತ್ತು ಗಜ

ಅಮೆರಿಕದಲ್ಲಿ ಫುಟ್ಬಾಲ್ ಅಂದರೆ ನಾವು ಹೇಳುವ ಕಾಲ್ಚೆಂಡಲ್ಲ. ಚೆಂಡು ಎರಡು ತುದಿ ಚೂಪಾಗಿ, ಸುಲಿಯದ ತೆಂಗಿನಕಾಯಿಯ ಹಾಗಿರುತ್ತದೆ. ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಎರಡೂ ಕಡೆ 11 ಜನ. ಮೈದಾನದ ಉದ್ದ 100 ಗಜ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಆಮೇಲೆ ಕಂಬಗಳ ನಡುವೆ ಒದ್ದು ಇನ್ನೊಂದು ಅಂಕ ಸೇರಿಸಬಹುದು. ಗೆರೆ ದಾಟಲು ಆಗಲ್ಲ ಅನ್ನಿಸಿದರೆ, ಹತ್ತಿರದಿಂದ ಕಂಬಗಳ ನಡುವೆ ಒದ್ದು 3 ಅಂಕ ತೆಗೆದುಕೊಳ್ಳಬಹುದು. ಅದು ಫೀಲ್ಡ್ ಗೋಲ್.

ಆಟದ ಜೀವ ಇರುವುದು ಒಂದೇ ನಿಯಮದಲ್ಲಿ. ಇದನ್ನು ಕ್ರಿಕೆಟ್ ಭಾಷೆಯಲ್ಲಿ ಹೇಳಿದರೆ ಸುಲಭ. ಒಂದು ಓವರ್‌ನಲ್ಲಿ ನಾಲ್ಕೇ ಎಸೆತ ಅಂದುಕೊಳ್ಳಿ. ಆ ನಾಲ್ಕರಲ್ಲಿ ಹತ್ತು ರನ್ ಹೊಡೆದರೆ ನಿಮಗೇ ಇನ್ನೊಂದು ಓವರ್ ಸಿಗುತ್ತದೆ. ಹೊಡೆಯದಿದ್ದರೆ ಬ್ಯಾಟು ಎದುರಾಳಿಯ ಕೈಗೆ. ಫುಟ್ಬಾಲ್‌ನಲ್ಲಿ ರನ್ ಬದಲು ಗಜ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ.

ಹೆಚ್ಚಿನ ಪ್ರಯತ್ನಗಳಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಅನ್ನುವ ಆಟಗಾರನ ಕೈಗೆ. ಯಾರಿಗೆ ಕೊಡಬೇಕು, ಯಾರಿಗೆ ಎಸೆಯಬೇಕು ಅಂತ ಅವನು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸಬೇಕು. ಅಷ್ಟರೊಳಗೆ ಅವನನ್ನು ಕೆಡವಲು ಎದುರಿನವರು ನುಗ್ಗಿ ಬರುತ್ತಿರುತ್ತಾರೆ. ಕಬಡ್ಡಿಯಲ್ಲಿ ರೈಡರನ್ನು ಮುತ್ತಿಕೊಳ್ಳುತ್ತಾರಲ್ಲ, ಹಾಗೆ.

ಇನ್ನೊಂದು ಪದ ಕಲಿತರೆ ಸಾಕು: ಪಂಟ್. ಮೂರು ಪ್ರಯತ್ನ ಮುಗಿದಿದೆ, ಇನ್ನೂ ಏಳೆಂಟು ಗಜ ಬಾಕಿ ಇದೆ ಅಂತಿಟ್ಟುಕೊಳ್ಳಿ. ನಾಲ್ಕನೆಯದರಲ್ಲೂ ಸೋತರೆ ಚೆಂಡು ಇದ್ದಲ್ಲೇ ಎದುರಾಳಿಯ ಪಾಲಾಗುತ್ತದೆ. ಅದರ ಬದಲು ಚೆಂಡನ್ನು ಆದಷ್ಟು ದೂರ ಒದ್ದುಬಿಡುತ್ತಾರೆ. ಎದುರಾಳಿ ದೂರದಿಂದ ಶುರು ಮಾಡಲಿ ಅಂತ. ನೋಡುವವರಿಗೆ ಇದು ನೀರು ಕುಡಿಯುವ ಹೊತ್ತು. ಆದರೆ ಒಬ್ಬ ಚೆಂಡನ್ನು ಕಾಲುಗಳ ಸಂದಿಯಿಂದ 15 ಗಜ ಹಿಂದಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಅದನ್ನು ಹಿಡಿದು ಒದೆಯುತ್ತಾನೆ, ಇಷ್ಟೂ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಕೈ ಜಾರಿದರೆ ಪಂದ್ಯವೇ ಜಾರಬಹುದು. ಈ ಪಂಟ್ ಇಂಡಿಯಾನಾ ಕತೆಯಲ್ಲಿ ಮತ್ತೆ ಬರುತ್ತದೆ.

## ಕಾಲೇಜು ಪಂದ್ಯಕ್ಕೆ ಲಕ್ಷ ಜನ ಯಾಕೆ?

ನಮ್ಮಲ್ಲಿ ಕಾಲೇಜು ಪಂದ್ಯ ಅಂದರೆ ಗೆಳೆಯರು ಬಂದು ಚಪ್ಪಾಳೆ ತಟ್ಟಿ ಹೋಗುವುದು. ಅಲ್ಲಿ ಹಾಗಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ವೃತ್ತಿಪರ ಟೀಮೇ ಇಲ್ಲ. ಹತ್ತಿರದ ಯೂನಿವರ್ಸಿಟಿಯೇ ಊರಿನ ಟೀಮು. ಅಲ್ಲಿ ಓದದವರೂ ಆ ಬಣ್ಣದ ಅಂಗಿ ಹಾಕಿ ಬರುತ್ತಾರೆ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆವರೆಗೆ ಹೆಚ್ಚಾಗಿ ಶನಿವಾರಗಳಂದು ಆಟ. ನಾಕೌಟ್ ಹಂತಕ್ಕೂ ಮುಂಚೆ ಒಂದು ಟೀಮಿಗೆ ಸಿಗುವುದು 12 ಪಂದ್ಯ ಮಾತ್ರ. ಹಾಗಾಗಿ ಒಂದೊಂದು ಶನಿವಾರವೂ ಹಬ್ಬ, ಒಂದೊಂದು ಸೋಲೂ ಭಾರ.

2024ರಲ್ಲಿ ಮೇಲಿನ ದರ್ಜೆಯಲ್ಲಿ 134 ಟೀಮುಗಳಿದ್ದವು. ಇವು 'ಕಾನ್ಫರೆನ್ಸ್' ಅನ್ನುವ ಗುಂಪುಗಳಲ್ಲಿ ಹಂಚಿಹೋಗಿವೆ. ಬಹುತೇಕ ಪಂದ್ಯ ಆ ಗುಂಪಿನೊಳಗೇ ನಡೆಯುತ್ತದೆ. ಇಂಡಿಯಾನಾ ಇರುವುದು ಬಿಗ್ ಟೆನ್ ಎಂಬ ಗುಂಪಿನಲ್ಲಿ. ಹೆಸರಿನಲ್ಲಿ ಹತ್ತು ಇದ್ದರೂ 2024ರಲ್ಲಿ ಅಲ್ಲಿದ್ದವು 18 ಟೀಮು. ಒಹಾಯೊ ಸ್ಟೇಟ್, ಮಿಷಿಗನ್, ಪೆನ್ ಸ್ಟೇಟ್, ಒರೆಗಾನ್‌ನಂಥ ಘಟಾನುಘಟಿಗಳೆಲ್ಲ ಅಲ್ಲೇ ಇದ್ದರು.

## ಇಂಡಿಯಾನಾ ಅಂದರೆ ಬ್ಯಾಸ್ಕೆಟ್‌ಬಾಲ್

ಬ್ಲೂಮಿಂಗ್ಟನ್ ಊರಿನ ಈ ಯೂನಿವರ್ಸಿಟಿಗೆ ಕ್ರೀಡೆಯಲ್ಲಿ ಹೆಸರಿಲ್ಲ ಅಂತೇನಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಐದು ಸಲ ರಾಷ್ಟ್ರೀಯ ಚಾಂಪಿಯನ್. ಆ ರಾಜ್ಯದಲ್ಲಿ ಮನೆಮನೆಯ ಮುಂದೆ ಬ್ಯಾಸ್ಕೆಟ್‌ಬಾಲ್ ಬುಟ್ಟಿ ನೇತಾಡುತ್ತಿರುತ್ತದೆ. ಫುಟ್ಬಾಲ್ ಮಾತ್ರ ಮಲತಾಯಿಯ ಮಗು.

ಮೇಲಿನ ದರ್ಜೆಯ ಟೀಮುಗಳ ಪೈಕಿ ಅತಿ ಹೆಚ್ಚು ಪಂದ್ಯ ಸೋತ ಟೀಮು ಯಾವುದು ಅಂದರೆ ಆಗ ಉತ್ತರ ಇಂಡಿಯಾನಾ. 700ಕ್ಕೂ ಹೆಚ್ಚು ಸೋಲು. ನೂರಕ್ಕೂ ಹೆಚ್ಚು ವರ್ಷದ ಆಟದಲ್ಲಿ ಒಂದೇ ಒಂದು ಸೀಸನ್‌ನಲ್ಲೂ ಹತ್ತು ಪಂದ್ಯ ಗೆದ್ದಿರಲಿಲ್ಲ. 2021ರಲ್ಲಿ 2 ಗೆಲುವು, 2022ರಲ್ಲಿ 4, 2023ರಲ್ಲಿ 3. ಮೂರು ವರ್ಷಕ್ಕೆ ಒಟ್ಟು 9. 2023ರ ನವೆಂಬರ್‌ನಲ್ಲಿ ಕೋಚ್ ಟಾಮ್ ಆಲನ್ ಅವರನ್ನು ತೆಗೆದರು. ಒಪ್ಪಂದ ಇನ್ನೂ ಬಾಕಿ ಇದ್ದುದರಿಂದ ಅವರಿಗೆ 1.55 ಕೋಟಿ ಡಾಲರ್ ಕೊಟ್ಟು ಕಳಿಸಬೇಕಾಯಿತು. ಕೆಲವೇ ದಿನಗಳಲ್ಲಿ 62 ವರ್ಷದ ಸಿಗ್ನೆಟ್ಟಿ ಬಂದರು.

## ಹೆಡ್ ಕೋಚ್ ಅಂದರೆ ಯಾರು?

ಕ್ರಿಕೆಟ್‌ನಲ್ಲಿ ಮೈದಾನಕ್ಕಿಳಿದ ಮೇಲೆ ನಾಯಕನ ಮಾತೇ ಮಾತು. ಅಮೆರಿಕನ್ ಫುಟ್ಬಾಲ್‌ನಲ್ಲಿ ಆ ಅಧಿಕಾರ ಗೆರೆಯ ಹೊರಗೆ ನಿಂತ ಕೋಚ್‌ಗಳ ಕೈಯಲ್ಲಿದೆ. ಪ್ರತಿ ಪ್ರಯತ್ನಕ್ಕೂ ಮುಂಚೆ ಯಾರು ಎಲ್ಲಿ ಓಡಬೇಕು ಅನ್ನುವ ಸೂಚನೆ ಹೊರಗಿಂದ ಬರುತ್ತದೆ.

ಕರಾವಳಿಯವರಿಗೆ ಇದನ್ನು ಯಕ್ಷಗಾನದಿಂದ ಹೇಳಿದರೆ ತಟ್ಟನೆ ಹೊಳೆಯುತ್ತದೆ. ಕುಣಿಯುವುದು ವೇಷಧಾರಿಗಳು. ಆದರೆ ಆಟ ನಡೆಸುವುದು ಹಿಂದೆ ಕೂತ ಭಾಗವತರು. ಯಾವ ಪದ ಎತ್ತಬೇಕು, ಎಲ್ಲಿ ಓಟ ಹೆಚ್ಚಿಸಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲ ಅವರ ಜಾಗಟೆಯ ಪೆಟ್ಟಿನಲ್ಲಿದೆ. ಅವರನ್ನು ಮೊದಲನೇ ವೇಷಧಾರಿ ಅಂತ ಕರೆಯುವುದು ಸುಮ್ನೆ ಅಲ್ಲ. ಭಾಗವತರು ಮೇಳ ಬದಲಿಸಿದರೆ ಕೆಲವೊಮ್ಮೆ ಅವರ ಜೊತೆ ಮದ್ದಳೆಯವರು, ಚೆಂಡೆಯವರು, ಒಂದಿಬ್ಬರು ವೇಷಧಾರಿಗಳೂ ಹೊರಡುತ್ತಾರೆ. ಪತ್ತನಾಜೆಗೆ ತಿರುಗಾಟ ಮುಗಿದ ಮೇಲೆ ಯಾರು ಯಾವ ಮೇಳಕ್ಕೆ ಹೋದರು ಅನ್ನುವುದೇ ಊರಿನ ಮಾತು ಅಲ್ವಾ?

ಸಿಗ್ನೆಟ್ಟಿ ಬಂದಾಗ ಆಗಿದ್ದೂ ಅದೇ. ಹೆಡ್ ಕೋಚ್‌ನ ಕೆಳಗೆ ಇಬ್ಬರು ಮುಖ್ಯ ಸಹಾಯಕರಿರುತ್ತಾರೆ. ಒಬ್ಬರು ದಾಳಿ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ತಡೆ. ದಾಳಿಗೆ ಮೈಕ್ ಶಾನಹಾನ್, ತಡೆಗೆ ಬ್ರಯಂಟ್ ಹೇನ್ಸ್. ಇಬ್ಬರೂ ಸಿಗ್ನೆಟ್ಟಿಯ ಹಿಂದಿನ ಟೀಮು ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಲ್ಲಿ ಅವರ ಜೊತೆಗಿದ್ದವರು. ಹೊಸ ಜಾಗ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಕ್ಕೇ ಅರ್ಥವಾಗುವ ಗುಂಪು.

ಸಿಗ್ನೆಟ್ಟಿಯ ದಾರಿಯೂ ಸಾಮಾನ್ಯದ್ದಲ್ಲ. 2007ರಿಂದ ಅಲಬಾಮಾದಲ್ಲಿ ನಿಕ್ ಸೇಬನ್ ಎಂಬ ಬಹುದೊಡ್ಡ ಕೋಚ್‌ಗೆ ಸಹಾಯಕರಾಗಿದ್ದರು. ಆ ಟೀಮು 2009ರ ಸೀಸನ್‌ನಲ್ಲಿ ಚಾಂಪಿಯನ್ ಕೂಡ ಆಯಿತು. ಅಂಥ ಕೆಲಸ ಬಿಟ್ಟು, ಸಂಬಳ ಕಮ್ಮಿ ಮಾಡಿಕೊಂಡು, 2011ರಲ್ಲಿ ಪೆನ್ಸಿಲ್ವೇನಿಯಾದ ಒಂದು ಎರಡನೇ ದರ್ಜೆಯ ಯೂನಿವರ್ಸಿಟಿಗೆ ಹೆಡ್ ಕೋಚ್ ಆಗಿ ಹೋದರು. ಅವರ ತಂದೆ ಫ್ರಾಂಕ್ ಸಿಗ್ನೆಟ್ಟಿ ಹಿಂದೆ ಕೋಚ್ ಆಗಿದ್ದ ಜಾಗ ಅದು. ಅಲ್ಲಿಂದ ಈಲಾನ್, ಅಲ್ಲಿಂದ 2019ರಲ್ಲಿ ಜೇಮ್ಸ್ ಮ್ಯಾಡಿಸನ್. ಎಲ್ಲಿ ಹೋದರೂ ಒಂದು ಸೀಸನ್‌ನಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಲಿಲ್ಲ.

ಇಂಡಿಯಾನಾಗೆ ಬಂದ ಹೊಸತರಲ್ಲಿ ಒಬ್ಬ ಪತ್ರಕರ್ತರು, ನಿಮ್ಮನ್ನು ನಂಬಿ ಬನ್ನಿ ಅಂತ ಆಟಗಾರರಿಗೆ ಹೇಗೆ ಹೇಳುತ್ತೀರಿ ಅಂತ ಕೇಳಿದರು. ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಅಂದರು ಸಿಗ್ನೆಟ್ಟಿ. ಕೇಳಿದವರಿಗೆ ಜಂಬ ಅನ್ನಿಸಿತು. ನನಗೆ ಕಾಣುವುದು ಬೇರೆ. ಸೋಲು ಅಭ್ಯಾಸವಾದ ಮನೆಯಲ್ಲಿ ಯಾರಾದರೂ ಒಬ್ಬರು ಗೆಲುವಿನ ಮಾತನ್ನು ಜೋರಾಗಿ ಆಡಲೇಬೇಕಿತ್ತು.

ನಮ್ಮಲ್ಲೂ ಇಂಥ ಕೋಚ್ ಇದ್ದಾರೆ. ಚಂದ್ರಕಾಂತ್ ಪಂಡಿತ್. ರಣಜಿ ಟ್ರೋಫಿ ಎಂದೂ ಗೆಲ್ಲದ ವಿದರ್ಭ ಅವರ ಕೈಯಲ್ಲಿ 2017-18ರಲ್ಲೂ ಗೆದ್ದಿತು, ಮರುವರ್ಷವೂ ಗೆದ್ದಿತು. 1999ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಕರ್ನಾಟಕದ ಎದುರು ರಣಜಿ ಫೈನಲ್ ಸೋತ ಮಧ್ಯಪ್ರದೇಶದ ನಾಯಕ ಅವರೇ. 2022ರಲ್ಲಿ ಅದೇ ಮೈದಾನದಲ್ಲಿ, ಅದೇ ಮಧ್ಯಪ್ರದೇಶಕ್ಕೆ ಕೋಚ್ ಆಗಿ ಮುಂಬೈಯನ್ನು ಸೋಲಿಸಿ ಕಪ್ ಎತ್ತಿಸಿದರು. ಸಾಧಾರಣ ಟೀಮನ್ನು ಒಬ್ಬ ಕೋಚ್ ಎಷ್ಟು ಬದಲಿಸಬಹುದು ಅನ್ನುವುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ.

## ಟಿಸಿ ತಗೊಂಡು ಬಂದ ಆಟಗಾರರು

ಆದರೆ ಒಂದೇ ವರ್ಷದಲ್ಲಿ ಹೇಗೆ? ಇದಕ್ಕೆ ಕೋಚ್ ಒಬ್ಬರೇ ಉತ್ತರವಲ್ಲ. ನಿಯಮ ಬದಲಾದದ್ದೂ ದೊಡ್ಡ ಕಾರಣ.

ಮೊದಲು ಹೊಸ ಕೋಚ್ ಬಂದರೆ ಹೈಸ್ಕೂಲು ಮುಗಿಸಿದ ಹುಡುಗರನ್ನು ಹುಡುಕಿ ತಂದು, ಮೂರು ನಾಲ್ಕು ವರ್ಷ ತಿದ್ದಿ ಬೆಳೆಸಬೇಕಿತ್ತು. ಅಡಿಕೆ ತೋಟದ ಹಾಗೆ, ನೆಟ್ಟ ವರ್ಷವೇ ಫಸಲು ಕೇಳುವಂತಿರಲಿಲ್ಲ. ಯಾಕೆಂದರೆ ಒಬ್ಬ ಆಟಗಾರ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಹಾಗಾಗಿ ಹೆಚ್ಚಿನವರು ಇದ್ದಲ್ಲೇ ಇರುತ್ತಿದ್ದರು.

2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುವ ಆನ್‌ಲೈನ್ ಪಟ್ಟಿ ಬಂತು. ಕಾಲೇಜು ಬಿಡಬೇಕು ಅನ್ನಿಸಿದ ಆಟಗಾರ ಅದರಲ್ಲಿ ಹೆಸರು ಹಾಕಿದರೆ ಬೇರೆ ಕೋಚ್‌ಗಳು ಅವನನ್ನು ಮಾತಾಡಿಸಬಹುದು. 2021ರಲ್ಲಿ ಒಂದು ಸಲ ಬದಲಾದರೆ ಕೂರಬೇಕಾಗಿಲ್ಲ ಅಂದರು. 2024ರಲ್ಲಿ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಾಗಬಹುದು ಅಂತಾಯಿತು. ನಮ್ಮ ಮಾತಲ್ಲಿ ಹೇಳಬೇಕೆಂದರೆ ಟಿಸಿ ತಗೊಂಡು ಇನ್ನೊಂದು ಕಾಲೇಜು ಸೇರಿ, ಅದೇ ವರ್ಷ ಆ ಕಾಲೇಜಿನ ಟೀಮಿನಲ್ಲಿ ಆಡಬಹುದು. ಜೊತೆಗೆ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಗಳಿಸಲೂ ಅವಕಾಶ ಸಿಕ್ಕಿತು. ಅಲ್ಲಿವರೆಗೆ ಕಾಲೇಜು ಆಟಗಾರ ಹಾಗೆ ಗಳಿಸುವಂತೆಯೇ ಇರಲಿಲ್ಲ.

ಈ ಬದಲಾವಣೆ ಎರಡೂ ಕಡೆ ಕೊಯ್ಯುವ ಕತ್ತಿ. ಆಲನ್ ಹೋಗುತ್ತಿದ್ದಂತೆ ಇಂಡಿಯಾನಾದ ಹಲವು ಆಟಗಾರರು ಪೋರ್ಟಲ್‌ಗೆ ಹೆಸರು ಕೊಟ್ಟರು. ಟೀಮು ಅರ್ಧ ಖಾಲಿ. ಸಿಗ್ನೆಟ್ಟಿ ಅದೇ ಪೋರ್ಟಲ್‌ನಿಂದ ಸುಮಾರು 30 ಜನರನ್ನು ತಂದರು. ಅದರಲ್ಲಿ 13 ಜನ ಜೇಮ್ಸ್ ಮ್ಯಾಡಿಸನ್‌ನಿಂದ ಅವರ ಹಿಂದೆಯೇ ಬಂದವರು. ಇಲೈಜಾ ಸಾರಟ್, ಏಡನ್ ಫಿಶರ್, ಮಿಕೇಲ್ ಕಮಾರಾ, ಡಿಆಂಜೆಲೊ ಪಾಂಡ್ಸ್. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ಅವರನ್ನು ಆರಿಸಿದ ರೀತಿಯೇ ಈ ಸೀಸನ್‌ನ ಗುಟ್ಟು. ಅಮೆರಿಕದಲ್ಲಿ ಹೈಸ್ಕೂಲು ಆಟಗಾರರಿಗೆ ಐದು ನಕ್ಷತ್ರ, ಮೂರು ನಕ್ಷತ್ರ ಅಂತ ದರ್ಜೆ ಕೊಡುತ್ತಾರೆ. ಎತ್ತರ, ತೂಕ, ಓಟ ನೋಡಿ, ಮುಂದೆ ಇವನು ಹೀಗೆ ಆಗಬಹುದು ಅನ್ನುವ ಅಂದಾಜು ಅದು. ಸಿಗ್ನೆಟ್ಟಿ ಅಂದಾಜಿನ ಬೆನ್ನು ಹತ್ತಲಿಲ್ಲ. ಇವನು ಈಗಾಗಲೇ ಕಾಲೇಜು ಪಂದ್ಯಗಳಲ್ಲಿ ಏನು ಮಾಡಿ ತೋರಿಸಿದ್ದಾನೆ ಅಂತ ನೋಡಿದರು. ಮುಂದೆ ಮಾಡಬಹುದಾದದ್ದಕ್ಕಿಂತ ಮಾಡಿ ತೋರಿಸಿದ್ದು ಮೇಲು ಅನ್ನುವುದು ಅವರ ಲೆಕ್ಕ. ಹಾಗಾಗಿ ಬಂದವರಲ್ಲಿ ಸಣ್ಣ ಕಾಲೇಜುಗಳಲ್ಲಿ ಮೂರು ನಾಲ್ಕು ವರ್ಷ ಆಡಿ ಪಳಗಿದವರೇ ಜಾಸ್ತಿ. ಕ್ವಾರ್ಟರ್‌ಬ್ಯಾಕ್ ಆಗಿ ಬಂದ ಕರ್ಟಿಸ್ ರೂರ್ಕ್ ಕೆನಡಾದವನು. ಒಹಾಯೊ ಯೂನಿವರ್ಸಿಟಿಯಲ್ಲಿ ಐದು ವರ್ಷ ಕಳೆದು, ಆರನೇ ಹಾಗೂ ಕೊನೆಯ ವರ್ಷಕ್ಕೆ ಇಲ್ಲಿಗೆ ಬಂದಿದ್ದ. 18-19ರ ಹುಡುಗರ ಎದುರು 23-24ರ ಪಳಗಿದ ಆಳುಗಳು ನಿಂತರೆ ವ್ಯತ್ಯಾಸ ಗೊತ್ತಾಗುತ್ತದೆ.

ಆದರೂ ಹೊರಗಿನವರಿಗೆ ನಂಬಿಕೆ ಬಂದಿರಲಿಲ್ಲ. ಸೀಸನ್‌ಗೆ ಮುಂಚೆ ಪತ್ರಕರ್ತರ ಒಂದು ಮತದಾನದಲ್ಲಿ ಬಿಗ್ ಟೆನ್‌ನ 18 ಟೀಮುಗಳ ಪೈಕಿ ಇಂಡಿಯಾನಾಗೆ ಸಿಕ್ಕ ಜಾಗ 17.

## ಶನಿವಾರದಿಂದ ಶನಿವಾರಕ್ಕೆ

ಆಗಸ್ಟ್ 31ರಂದು ಮೊದಲ ಪಂದ್ಯ, 31-7ರ ಗೆಲುವು. ಆಮೇಲೆ ಸಣ್ಣ ಟೀಮೊಂದರ ಮೇಲೆ 77-3. ಇದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಕ್ಯಾಲಿಫೋರ್ನಿಯಾಗೆ ಹೋಗಿ ಯುಸಿಎಲ್‌ಎ ಟೀಮನ್ನು 42-13ರಲ್ಲಿ ಸೋಲಿಸಿದಾಗ ಒಂದಿಷ್ಟು ಜನ ತಿರುಗಿ ನೋಡಿದರು. ಅಕ್ಟೋಬರ್ 19ರಂದು ನೆಬ್ರಾಸ್ಕಾವನ್ನು 56-7ರಲ್ಲಿ ಮಣಿಸಿದಾಗ ಇಡೀ ದೇಶವೇ ನೋಡಿತು.

ಅದೇ ಪಂದ್ಯದಲ್ಲಿ ರೂರ್ಕ್‌ನ ಹೆಬ್ಬೆರಳಿಗೆ ಪೆಟ್ಟಾಯಿತು. ಮುಂದಿನ ವಾರ ಅವನಿಲ್ಲದೆ ಟೇವೆನ್ ಜಾಕ್ಸನ್ ಆಡಿ ವಾಷಿಂಗ್ಟನ್ ವಿರುದ್ಧ 31-17ರಲ್ಲಿ ಗೆಲ್ಲಿಸಿದ. ಒಬ್ಬನ ಮೇಲೆ ನಿಂತ ಟೀಮಲ್ಲ ಅನ್ನುವುದು ಅಲ್ಲಿ ಗೊತ್ತಾಯಿತು. ಮಿಷಿಗನ್ ಸ್ಟೇಟ್ ಟೀಮಿನ ಊರಿನಲ್ಲಿ ಮೊದಲ ಬಾರಿ 0-10ರಲ್ಲಿ ಹಿಂದೆ ಬಿದ್ದರು. ಆ ಸೀಸನ್‌ನಲ್ಲಿ ಅಲ್ಲಿಯವರೆಗೆ ಒಂದು ಕ್ಷಣವೂ ಹಿಂದೆ ಬಿದ್ದಿರಲಿಲ್ಲ. ಮುಂದಿನ 47 ಅಂಕವೂ ಇಂಡಿಯಾನಾದ್ದೇ. ಪಂದ್ಯ ಮುಗಿದಾಗ 47-10.

ನವೆಂಬರ್ 9ರಂದು ಮಿಷಿಗನ್ ಬಂತು. ಹಿಂದಿನ ಸೀಸನ್‌ನ ರಾಷ್ಟ್ರೀಯ ಚಾಂಪಿಯನ್ ಅದು. 20-15ರಲ್ಲಿ ಕಷ್ಟಪಟ್ಟು ಗೆದ್ದರು. ಹತ್ತಕ್ಕೆ ಹತ್ತು. ಇಂಡಿಯಾನಾ ಚರಿತ್ರೆಯಲ್ಲಿ ಮೊದಲ ಸಲ ಒಂದು ಸೀಸನ್‌ನಲ್ಲಿ ಹತ್ತು ಗೆಲುವು. ವಾರ ಕಳೆಯುವಷ್ಟರಲ್ಲಿ ಯೂನಿವರ್ಸಿಟಿ ಸಿಗ್ನೆಟ್ಟಿಯ ಜೊತೆ 8 ವರ್ಷಕ್ಕೆ 7.2 ಕೋಟಿ ಡಾಲರ್‌ನ ಹೊಸ ಒಪ್ಪಂದ ಮಾಡಿಕೊಂಡಿತು. ಬೇರೆಯವರು ಎಗರಿಸಿಕೊಂಡು ಹೋಗುವ ಮುಂಚೆ ಕಟ್ಟಿಹಾಕಬೇಕಿತ್ತಲ್ಲ.

ಈ ಎಲ್ಲ ಪಂದ್ಯಗಳಲ್ಲೂ ಟಿವಿಯವರು ಮತ್ತೆ ಮತ್ತೆ ತೋರಿಸಿದ್ದು ಸಿಗ್ನೆಟ್ಟಿಯ ಮುಖ. 40 ಅಂಕ ಮುಂದಿದ್ದರೂ ನಗುವಿಲ್ಲ. ಗಂಟಿಕ್ಕಿದ ಹುಬ್ಬು. ಇದಕ್ಕೆ ಅವರೇ ಕಾರಣ ಹೇಳಿದ್ದಾರೆ. ಮೊದಲ ಪ್ರಯತ್ನದಿಂದ 150ನೆಯದರವರೆಗೂ ಒಂದೇ ರೀತಿ ಆಡಿ ಅಂತ ಹುಡುಗರಿಗೆ ಹೇಳುವವನು, ತಾನೇ ನಡುವೆ ಕುಣಿದರೆ ಆ ಮಾತಿಗೆ ಬೆಲೆ ಎಲ್ಲಿ?

## ಒಂದು ಪಂಟ್

ನವೆಂಬರ್ 23. ಕೊಲಂಬಸ್ ಊರು, ಒಹಾಯೊ ಸ್ಟೇಟ್ ಮೈದಾನ, ಲಕ್ಷಕ್ಕೂ ಹೆಚ್ಚು ಜನ. ಶ್ರೇಯಾಂಕದಲ್ಲಿ ಇಂಡಿಯಾನಾ 5, ಒಹಾಯೊ ಸ್ಟೇಟ್ 2. ಮೊದಲ ಟಚ್‌ಡೌನ್ ಇಂಡಿಯಾನಾದ್ದೇ, 7-0. ಆಮೇಲೆ 7-7.

ಅರ್ಧ ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಇಂಡಿಯಾನಾ ಪಂಟ್ ಮಾಡಬೇಕು. ಹಿಂದಕ್ಕೆ ಬಂದ ಚೆಂಡು ಒದೆಯುವವನ ಕೈಯಲ್ಲಿ ನಿಲ್ಲಲಿಲ್ಲ. ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಎದುರಿನವರು ಮೈಮೇಲಿದ್ದರು. ಎದುರಾಳಿಗೆ ಚೆಂಡು ಸಿಕ್ಕಿದ್ದು ಇಂಡಿಯಾನಾದ ಗೆರೆಯಿಂದ ಬರೀ 7 ಗಜದಲ್ಲಿ. ಕ್ಷಣದಲ್ಲೇ 14-7. ವಿರಾಮ ಮುಗಿದು ಬಂದ ಮೇಲೆ ಇನ್ನೊಂದು ಪಂಟ್. ಈ ಸಲ ಒದೆತ ಸರಿಯಾಗಿಯೇ ಬಿತ್ತು. ಆದರೆ ಅದನ್ನು ಹಿಡಿದ ಕೇಲೆಬ್ ಡೌನ್ಸ್ 79 ಗಜ ಓಡಿ ಟಚ್‌ಡೌನ್ ಮಾಡಿಬಿಟ್ಟ. 21-7. ಕೊನೆಗೆ 38-15ರ ಸೋಲು.

ಪಂಟ್ ಮಾಡುವಾಗ ಇಳಿಯುವುದು ದಾಳಿಯವರೂ ಅಲ್ಲ, ತಡೆಯವರೂ ಅಲ್ಲ. 'ಸ್ಪೆಷಲ್ ಟೀಮ್ಸ್' ಅನ್ನುವ ಮೂರನೇ ಗುಂಪು. ಹೊಸ ಕೋಚ್‌ಗಳು ಮೊದಲ ಎರಡನ್ನು ಬೇಗ ಕಟ್ಟಿಬಿಡುತ್ತಾರೆ. ಮೂರನೆಯದರ ಬಿರುಕು ದೊಡ್ಡ ಟೀಮು ಎದುರಾದಾಗಲೇ ಕಾಣುವುದು. ಆದರೆ ಸೋಲಿಗೆ ಅದೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ಆ ದಿನ ರೂರ್ಕ್‌ಗೆ ಎಸೆಯಲು ಉಸಿರಾಡುವಷ್ಟೂ ಜಾಗ ಸಿಗಲಿಲ್ಲ. ಐದು ಸಲ ಅವನನ್ನು ಚೆಂಡಿನ ಸಮೇತ ಕೆಡವಿದರು.

ಒಂದು ವಾರದ ನಂತರ ಅದೇ ರಾಜ್ಯದ ಹಳೇ ಎದುರಾಳಿ ಪರ್ಡ್ಯೂ ಬಂತು. ಇವರಿಬ್ಬರ ನಡುವಿನ ಬಹುಮಾನ ಒಂದು ಹಳೇ ಓಕ್ ಮರದ ಬಾವಿ ಬಕೆಟ್ಟು. ಗೆದ್ದವರ ಹೆಸರಿನ ಮೊದಲಕ್ಷರವನ್ನು, 'ಐ' ಅಥವಾ 'ಪಿ', ಕೊಂಡಿಯಾಗಿ ಮಾಡಿ ಅದರ ಸರಪಳಿಗೆ ಸೇರಿಸುತ್ತಾರೆ. 1925ರ ಮೊದಲ ಪಂದ್ಯ 0-0ಯಲ್ಲಿ ಮುಗಿದದ್ದರಿಂದ ಮೊದಲ ಕೊಂಡಿಯಲ್ಲಿ ಎರಡೂ ಅಕ್ಷರ ಕೂಡಿವೆ. ವರ್ಷದಿಂದ ವರ್ಷಕ್ಕೆ ಸರಪಳಿ ಉದ್ದವಾಗುತ್ತಾ ಬಕೆಟ್ಟನ್ನೇ ಸುತ್ತಿಕೊಂಡಿದೆ. ಆ ದಿನ ಇಂಡಿಯಾನಾ 66-0ರಲ್ಲಿ ಗೆದ್ದು ಇನ್ನೊಂದು 'ಐ' ಸೇರಿಸಿತು.

## ಹನ್ನೊಂದು ಗೆದ್ದರೂ ಅನುಮಾನ ಯಾಕೆ?

12ರಲ್ಲಿ 11 ಗೆಲುವು. ಆದರೂ ಟಿವಿ ಚರ್ಚೆಗಳಲ್ಲಿ ದಿನವೂ ಒಂದೇ ಪ್ರಶ್ನೆ: ಇಂಡಿಯಾನಾ ನಿಜವಾಗಿ ಒಳ್ಳೇ ಟೀಮಾ, ಅಥವಾ ಎದುರಾಳಿಗಳು ಸುಲಭವಿದ್ದರಾ?

ಈ ಪ್ರಶ್ನೆ ಹುಟ್ಟುವುದು ವ್ಯವಸ್ಥೆಯಿಂದಲೇ. 134 ಟೀಮು, ಒಬ್ಬೊಬ್ಬರಿಗೆ 12 ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವೇ ಇಲ್ಲ. ಐಪಿಎಲ್‌ನ ಹಾಗೆ ಒಂದೇ ಅಂಕಪಟ್ಟಿ ನೋಡಿ ಮೇಲಿನವರನ್ನು ಆರಿಸುವಂತಿಲ್ಲ. ಅದಕ್ಕೇ 13 ಜನರ ಸಮಿತಿಯೊಂದು ಕೂತು ಟೀಮುಗಳನ್ನು ತೂಗುತ್ತದೆ. ಎಷ್ಟು ಗೆದ್ದರು ಅನ್ನುವುದರ ಜೊತೆಗೆ ಯಾರ ಮೇಲೆ ಗೆದ್ದರು ಅನ್ನುವುದನ್ನೂ ನೋಡುತ್ತದೆ. ಬೋರ್ಡ್ ಪರೀಕ್ಷೆಯ 90 ಅಂಕವನ್ನೂ ಶಾಲೆಯ ಕಿರುಪರೀಕ್ಷೆಯ 90 ಅಂಕವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದಿಲ್ಲ ಅಲ್ವಾ?

ಇಂಡಿಯಾನಾದ ವೇಳಾಪಟ್ಟಿಯಲ್ಲಿ ಒರೆಗಾನ್ ಇರಲಿಲ್ಲ, ಪೆನ್ ಸ್ಟೇಟ್ ಇರಲಿಲ್ಲ. ಅನುಮಾನಕ್ಕೆ ಆಧಾರ ಇತ್ತು. ಆದರೆ ಗುಂಪಿನೊಳಗಿನ ಪಂದ್ಯಗಳ ವೇಳಾಪಟ್ಟಿಯನ್ನು ಟೀಮು ಆರಿಸುವುದಿಲ್ಲ, ಕಾನ್ಫರೆನ್ಸ್ ಕೊಡುತ್ತದೆ. ಎದುರಿಗೆ ಬಂದವರನ್ನು ಹೇಗೆ ಸೋಲಿಸಿದರು ಅನ್ನುವುದೂ ಲೆಕ್ಕಕ್ಕೆ ಬರಬೇಕು. 11 ಗೆಲುವುಗಳಲ್ಲಿ ಹತ್ತು 14 ಅಥವಾ ಹೆಚ್ಚು ಅಂಕದ ಅಂತರದವು. ನನ್ನ ಮಟ್ಟಿಗೆ ಇದೇ ಸಾಕಷ್ಟು ಸಾಕ್ಷಿ.

ಅದೃಷ್ಟವೂ ಕೂಡಿಬಂತು. 2023ರವರೆಗೆ ಚಾಂಪಿಯನ್ ಪಟ್ಟದ ನಾಕೌಟ್ ಹಂತಕ್ಕೆ, ಅಂದರೆ ಪ್ಲೇಆಫ್‌ಗೆ, ನಾಲ್ಕೇ ಟೀಮು. 2024ರಲ್ಲಿ ಮೊದಲ ಸಲ 12 ಟೀಮು ಮಾಡಿದರು. ಇಂಡಿಯಾನಾಗೆ ಸಿಕ್ಕಿದ್ದು 10ನೇ ಜಾಗ. ಒಂದೇ ಒಂದು ವರ್ಷ ಮುಂಚೆ ಇದೇ ಸಾಧನೆ ಮಾಡಿದ್ದರೆ ಹೊರಗೆ ನಿಂತು ನೋಡಬೇಕಿತ್ತು.

ಡಿಸೆಂಬರ್ 20ರ ರಾತ್ರಿ, ಕೊರೆಯುವ ಚಳಿಯಲ್ಲಿ, ಅದೇ ರಾಜ್ಯದ ನೋಟರ್ ಡೇಮ್ ಯೂನಿವರ್ಸಿಟಿಯ ಮೈದಾನದಲ್ಲಿ ಪಂದ್ಯ. ಶುರುವಿನಲ್ಲೇ ಇಂಡಿಯಾನಾ ಗೆರೆಯ ಹತ್ತಿರ ಬಂದಿತ್ತು. ರೂರ್ಕ್ ಎಸೆದ ಚೆಂಡು ಎದುರಾಳಿಯ ಕೈಸೇರಿತು. ಅದರ ಬೆನ್ನಿಗೇ ಜೆರೆಮಾಯಾ ಲವ್ ತನ್ನ ಗೆರೆಯ ಪಕ್ಕದಿಂದ ಚೆಂಡು ಹಿಡಿದು 98 ಗಜ ಓಡಿದ. ಹೆಚ್ಚುಕಮ್ಮಿ ಇಡೀ ಮೈದಾನ. 27-3ರಲ್ಲಿ ಹಿಂದೆ ಬಿದ್ದ ಇಂಡಿಯಾನಾ ಕೊನೆಯ ಒಂದೂವರೆ ನಿಮಿಷದಲ್ಲಿ ಎರಡು ಟಚ್‌ಡೌನ್ ಮಾಡಿ 27-17ಕ್ಕೆ ತಂದಿತು. ಅಷ್ಟೊತ್ತಿಗೆ ಪಂದ್ಯ ಕೈಬಿಟ್ಟಾಗಿತ್ತು. ಸೀಸನ್ ಮುಗಿಯಿತು.

ಟೀಕಿಸುವವರಿಗೆ ಅದು ಆಹಾರವಾಯಿತು, ದೊಡ್ಡವರ ಎದುರು ಆಡಿದ್ದು ಎರಡು, ಸೋತಿದ್ದೂ ಎರಡು ಅಂತ. ಆದರೆ ಸೋಲಿಸಿದ ಆ ಎರಡು ಟೀಮುಗಳೇ, ಒಹಾಯೊ ಸ್ಟೇಟ್ ಮತ್ತು ನೋಟರ್ ಡೇಮ್, ಮುಂದಿನ ತಿಂಗಳು ಫೈನಲ್‌ನಲ್ಲಿ ಎದುರುಬದುರಾದವು. ಇನ್ನೊಂದು ವಿಷಯ ಜನವರಿಯಲ್ಲಿ ಹೊರಬಿತ್ತು. ರೂರ್ಕ್ ಇಡೀ ಸೀಸನ್ ಆಡಿದ್ದು ಮಂಡಿಯ ಒಳಗಿನ ಮುಖ್ಯ ಲಿಗಮೆಂಟ್ ಹರಿದುಕೊಂಡೇ. ಎಲ್ಲ ಮುಗಿದ ಮೇಲೆ ಆಪರೇಷನ್ ಮಾಡಿಸಿಕೊಂಡ.

## ಆಮೇಲೆ

ರೂರ್ಕ್‌ನ ಕಾಲೇಜು ವರ್ಷಗಳು ಮುಗಿದವು. ಅವನ ಜಾಗಕ್ಕೆ ಪೋರ್ಟಲ್‌ನಿಂದಲೇ, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಟೀಮು ಬಿಟ್ಟು ಫರ್ನಾಂಡೊ ಮೆಂಡೋಜಾ ಬಂದ. 2025ರಲ್ಲಿ ಅವನು ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಇಂಡಿಯಾನಾಗೆ ಅದು ಮೊದಲನೆಯದು. ಬಿಗ್ ಟೆನ್ ಫೈನಲ್‌ನಲ್ಲಿ ಅದೇ ಒಹಾಯೊ ಸ್ಟೇಟನ್ನು 13-10ರಲ್ಲಿ ಸೋಲಿಸಿದರು. ಸಾರಟ್, ಫಿಶರ್, ಪಾಂಡ್ಸ್, ಕಮಾರಾ, ಮೊದಲ ವರ್ಷ ಕೋಚ್ ಹಿಂದೆ ಬಂದವರು, ಇನ್ನೂ ಟೀಮಿನಲ್ಲೇ ಇದ್ದರು.

ಮಯಾಮಿ ವಿರುದ್ಧದ ಫೈನಲ್‌ನ ಮೂರನೇ ಕಾಲು ಭಾಗ. ಮಯಾಮಿ ಪಂಟ್ ಮಾಡಲು ಸಾಲಾಗಿ ನಿಂತಿತು. ಚೆಂಡು ಹಿಂದಕ್ಕೆ ಹೋಯಿತು. ಕಮಾರಾ ಸಾಲು ಸೀಳಿಕೊಂಡು ನುಗ್ಗಿ, ಒದ್ದ ಚೆಂಡಿಗೆ ಅಡ್ಡ ಬಿದ್ದ. ಅದು ಪುಟಿದು ಗೆರೆಯಾಚೆ ಉರುಳಿತು. ಐಸಾಯ ಜೋನ್ಸ್ ಅದರ ಮೇಲೆ ಬಿದ್ದು ಎದೆಗೆ ಅವಚಿಕೊಂಡ. ಟಚ್‌ಡೌನ್.